ಮುಂದಕ್ಕೆ ಹಾಕಿದ್ರಾ, ಮುಂಚೆ ಮಾಡಿದ್ರಾ?

ಇಂಗ್ಲಿಷ್ ಭಯ ಬಿಡಿ | ಭಾಗ 7

ಫೋಟೋದಲ್ಲಿರೋದು ನಮ್ಮ ಅಶೋಕಪುರಂ ರೈಲ್ವೆ ಸ್ಟೇಷನ್. ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಬೀದಿಯ ಹುಡುಗನೊಬ್ಬ ಇಲ್ಲಿಂದಲೇ ಬೆಂಗಳೂರಿನ ರೈಲು ಹತ್ತಿದ. ಇಸ್ತ್ರಿ ಮಾಡಿದ ಶರ್ಟು, ಫೈಲಿನಲ್ಲಿ ಮಾರ್ಕ್ಸ್ ಕಾರ್ಡು, ಡಿಗ್ರಿ ಮುಗಿಸಿದ ಮೇಲೆ ಮೊದಲನೇ ಇಂಟರ್‌ವ್ಯೂ. ಅಲ್ಲಿ ಹೋದರೆ ಹೇಳಿದ್ದು, "ನಿಮ್ಮ ಇಂಟರ್‌ವ್ಯೂ ಸೋಮವಾರವೇ ಇತ್ತಲ್ಲ?"

ಮೊದಲು ಬುಧವಾರ ಅಂತ ಇತ್ತು. ಆಮೇಲೆ ಬಂದ ಮೆಸೇಜಿನಲ್ಲಿ ಇದ್ದದ್ದು ಇಷ್ಟೇ: 'ಬ್ರಾಟ್ ಫಾರ್ವರ್ಡ್ ಬೈ ಟೂ ಡೇಸ್'. ಫಾರ್ವರ್ಡ್ ಅಂದ್ರೆ ಮುಂದಕ್ಕೆ. ನಮ್ಮಲ್ಲಿ ಮದುವೆ ಮುಂದಕ್ಕೆ ಹೋಯ್ತು ಅಂದ್ರೆ ತಡ ಆಯ್ತು ಅಂತ. ಅವನು ಬುಧವಾರಕ್ಕೆ ಎರಡು ದಿನ ಸೇರಿಸಿದ. ಇಂಗ್ಲಿಷಿನಲ್ಲಿ ಅದು ತದ್ವಿರುದ್ಧ. 'ಬ್ರಿಂಗ್ ಫಾರ್ವರ್ಡ್' ಅಂದ್ರೆ ಗೊತ್ತಾದ ದಿನಕ್ಕಿಂತ ಮುಂಚೆಯೇ ಮಾಡೋದು. ತಡ ಮಾಡಿದರೆ 'ಪುಟ್ ಆಫ್'. ರದ್ದು ಮಾಡಿದರೆ 'ಕಾಲ್ ಆಫ್'.

ಅವನನ್ನ ದಡ್ಡ ಅಂತೀರಾ? ಒಂದೊಂದು ಪದಕ್ಕೂ ಅವನು ಕೊಟ್ಟ ಅರ್ಥ ಸರಿಯಾಗೇ ಇತ್ತು. ಸ್ಕೂಲಿನಲ್ಲಿ ನಮಗೆ ಕಲಿಸಿದ್ದೇ ಹಾಗೆ ಅಲ್ವಾ?

ನನ್ನ ಸಿಟ್ಟು ಇರೋದು ಅಲ್ಲೇ. ಪಾಠದಲ್ಲಿ 'ಪೋಸ್ಟ್‌ಪೋನ್', 'ಟಾಲರೇಟ್', 'ಇನ್ವೆಸ್ಟಿಗೇಟ್' ಬಾಯಿಪಾಠ ಮಾಡಿಸ್ತಾರೆ. ಆಫೀಸಿಗೆ ಕಾಲಿಟ್ಟರೆ ಕಿವಿಗೆ ಬೀಳೋದು 'ಪುಟ್ ಆಫ್', 'ಪುಟ್ ಅಪ್ ವಿತ್', 'ಲುಕ್ ಇನ್‌ಟು'. ಪುಟ್, ಲುಕ್, ಗೆಟ್ ಅನ್ನೋವು ಒಂದನೇ ಕ್ಲಾಸಿನ ಪದಗಳು, ಆದರೆ ಅಕ್ಕಪಕ್ಕ ಒಂದು ಆಫ್, ಒಂದು ಅಪ್ ಬಂದ ತಕ್ಷಣ ಡಿಗ್ರಿ ಮಾಡಿದವರೂ ಕಕ್ಕಾಬಿಕ್ಕಿ.

ಇದಕ್ಕೆ ಮದ್ದು ಅಂತ '7 ದಿನದಲ್ಲಿ 100 ಫ್ರೇಸಲ್ ವರ್ಬ್ಸ್' ಮಾರುವವರು ಬೇರೆ. ಪಟ್ಟಿ ಕೊಡ್ತಾರೆ, ಜೊತೆಗೆ ಒಂದು ಮಾತು: "ಕನ್ನಡದಲ್ಲಿ ಯೋಚನೆ ಮಾಡೋದು ನಿಲ್ಲಿಸಿ." ಈ ಮಾತು ಶುದ್ಧ ಸುಳ್ಳು. ಯೋಚನೆ ಮಾಡಿ, ಕನ್ನಡದಲ್ಲೇ ಮಾಡಿ, ಆದರೆ ಬಿಡಿ ಪದದಲ್ಲಿ ಮಾಡಬೇಡಿ!

'ಅಜ್ಜಿಯನ್ನ ನೋಡಿದೆ', 'ಅಜ್ಜಿಯನ್ನ ನೋಡಿಕೊಂಡೆ'. ಎರಡೂ ಒಂದೇನಾ? ಅಲ್ಲ. 'ಲುಕ್ ಅಟ್' ಮತ್ತು 'ಲುಕ್ ಆಫ್ಟರ್' ನಡುವೆ ಇರೋದೂ ಇದೇ ವ್ಯತ್ಯಾಸ. 'ಕೈ ಕೊಟ್ಟ', 'ಕೈ ಹಿಡಿದ', 'ಕೈ ಬಿಟ್ಟ' ಇವುಗಳ ಪಟ್ಟಿ ನಿಮಗೆ ಯಾರು ಕೊಟ್ಟಿದ್ದರು? 'ಕೆಲಸದಿಂದ ತೆಗೆದುಹಾಕಿದ್ರು' ಅಂದಾಗ ತೆಗೆದು ಎಲ್ಲಿಗೆ ಹಾಕಿದ್ರು ಅಂತ ಯಾರಾದ್ರೂ ಕೇಳ್ತೀವಾ? 'ಈಟ್ ಅಪ್', 'ಯೂಸ್ ಅಪ್' ಅನ್ನೋದರಲ್ಲಿ ಅಪ್ ಅಂದ್ರೆ ಮೇಲಕ್ಕೆ ಅಲ್ಲ. ಅಮ್ಮ ತಟ್ಟೆ ತೋರಿಸಿ "ತಿಂದ್ಬುಡು" ಅಂತಾಳಲ್ಲ, ಆ 'ಬುಡು' ಅದು, ಅಂದ್ರೆ ಪೂರ್ತಿ ಮುಗಿಸು ಅಂತ.

ನೋಡಿದ್ರಾ, ಈ ವಿದ್ಯೆ ನಮ್ಮ ಮನೆಯಲ್ಲೇ ಇದೆ. ಕಲಿಸುವವರು ಅಲ್ಲಿಂದ ಶುರು ಮಾಡಬೇಕಿತ್ತು.

"ನಮಗ್ಯಾಕೆ ಇಂಗ್ಲಿಷ್" ಅಂತ ಉಪದೇಶ ಮಾಡಿ, ತಮ್ಮ ಮಕ್ಕಳನ್ನ ಮಾತ್ರ ಕಾನ್ವೆಂಟಿಗೆ ಕಳಿಸುವವರಿಗೂ ಒಂದು ಮಾತು. ನಮ್ಮ ಪಾರ್ಕಿಗೆ ಬಾಬಾಸಾಹೇಬರ ಹೆಸರಿದೆ. 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋದವರೂ ಅವರೇ, 1920ರಲ್ಲಿ 'ಮೂಕನಾಯಕ' ಪತ್ರಿಕೆಯನ್ನ ಮರಾಠಿಯಲ್ಲಿ ಶುರು ಮಾಡಿದವರೂ ಅವರೇ. ಅವರು ಎರಡು ಭಾಷೆಯನ್ನೂ ದುಡಿಸಿಕೊಂಡರು. ನಮ್ಮ ಮಕ್ಕಳು ಮಾತ್ರ ಒಂದನ್ನ ಯಾಕೆ ಬಿಡಬೇಕು?

2019ರಲ್ಲಿ ಸರ್ಕಾರ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿದಾಗ ದೊಡ್ಡ ಜಗಳ ಆಯ್ತು. ಜಗಳ ಪೂರ್ತಿ ಮಾಧ್ಯಮ ಯಾವುದು ಅನ್ನೋದರ ಮೇಲೆ. ಯಾವ ಮಾಧ್ಯಮವಾದರೂ ಇಂಗ್ಲಿಷನ್ನ ಹೇಗೆ ಕಲಿಸ್ತೀರಿ ಅನ್ನೋ ಪ್ರಶ್ನೆ ಮೂಲೆ ಸೇರಿತು. ಆ ಹುಡುಗನ ಕೆಲಸ ಹೋಗಿದ್ದು ಆ ಮೂಲೆಯಲ್ಲೇ.

ಕೆಲಸ ಕೊಡುವವರಿಗೂ ಹೇಳ್ತೀನಿ. 'ಬ್ರಾಟ್ ಫಾರ್ವರ್ಡ್' ಅಂತ ಬರೆಯೋ ಬದಲು ತಾರೀಖು, ವಾರ, ಗಂಟೆ ಬರೀರಿ. ನಮ್ಮ ದೇಶದ ಆಫೀಸುಗಳಲ್ಲಿ ಓಡಾಡೋ 'ಪ್ರೀಪೋನ್' ಪದ ಕೇಳಿ ಮೂಗು ಮುರೀಬೇಡಿ, ಅದು ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೂ ಇದೆ. ಆ ಒಂದು ಪದ ಇದ್ದಿದ್ದರೆ ಅವನು ಸೋಮವಾರವೇ ರೈಲು ಹತ್ತುತ್ತಿದ್ದ.

ನೀವು ಮಾಡಬೇಕಾದ್ದು ಇಷ್ಟು:
• ಪದವನ್ನ ಒಂಟಿಯಾಗಿ ಬರ್ಕೋಬೇಡಿ, ಕೇಳಿದ ಪೂರ್ತಿ ವಾಕ್ಯ ಬರ್ಕೊಳ್ಳಿ.
• ಪಕ್ಕದಲ್ಲಿ ನಿಮ್ಮ ಮನೆ ಕನ್ನಡದ ವಾಕ್ಯ ಬರೀರಿ. 'ಗಿವ್ ಅಪ್' ಮುಂದೆ 'ಕೈ ಬಿಡು'.
• ದಿನ, ಟೈಮು ಅನುಮಾನ ಬಂದರೆ ತಿರುಗಿ ಕೇಳಿ: "ಸೋ, ಇಟ್ ಈಸ್ ಆನ್ ಮಂಡೇ?" ಕೇಳೋದರಲ್ಲಿ ಅವಮಾನ ಏನಿಲ್ಲ.

ನಿಮಗೆ ಕೈ ಕೊಟ್ಟ ಫ್ರೇಸಲ್ ವರ್ಬ್ ಯಾವುದು? ಕಾಮೆಂಟಿನಲ್ಲಿ ಬರೀರಿ, ನಗೋರು ಯಾರೂ ಇಲ್ಲ ಇಲ್ಲಿ. ಇಂಟರ್‌ವ್ಯೂಗೆ ಹೊರಟಿರೋ ತಮ್ಮ, ತಂಗಿ ಇದ್ದರೆ ಇವತ್ತೇ ಕಳಿಸ್ಬುಡಿ.

ಭಾಗ 8: 'ಪಾಸ್ ಔಟ್' ಅಂದ್ರೆ ಡಿಗ್ರಿ ಮುಗಿಸೋದಾ, ಮೂರ್ಛೆ ಹೋಗೋದಾ?

#ಇಂಗ್ಲಿಷ್‌ಭಯಬಿಡಿ #ಅಶೋಕಪುರಂ #ಮೈಸೂರು #ಕನ್ನಡದಲ್ಲೇಕಲಿಯಿರಿ