ಹರಾಜಾದದ್ದು ಜೀಪು, ಅಧಿಕಾರವಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಕಬ್ಬು ಕಟಾವಿನ ಕಾಲ. ನಂಜನಗೂಡಿನಿಂದ ತಿ.ನರಸೀಪುರದ ಕಡೆಗೆ ಹೊರಟಿದ್ದ ನಮ್ಮ ಕಾರಿನ ಹಿಂದೆ, ಸಂಜೆಗತ್ತಲಿನಲ್ಲಿ ಪೊಲೀಸ್ ಸೈರನ್ ಕೇಳಿಸಿತು. ನಾವು ಬದಿಗೆ ಸರಿದೆವು. ಮುಂದಿದ್ದ ಕಬ್ಬಿನ ಗಾಡಿಯವನೂ ಗಾಬರಿಯಿಂದ ಎತ್ತುಗಳನ್ನು ರಸ್ತೆಯ ಅಂಚಿಗೆ ತಿರುಗಿಸಿದ. ಗಾಡಿಯ ಒಂದು ಚಕ್ರ ನಾಲೆಯ ಬದಿಯ ಕೆಸರಿನಲ್ಲಿ ಹೂತುಹೋಯಿತು. ನಮ್ಮನ್ನು ದಾಟಿ ಹೋದ ಜೀಪಿನಲ್ಲಿ ಸಮವಸ್ತ್ರದವರು ಯಾರೂ ಇರಲಿಲ್ಲ, ಹಿಂದೆ ಬಾಳೆಗೊನೆಗಳಿದ್ದವು. ಬಾಗಿಲ ಮೇಲೆ ಅರೆಬರೆ ಉಜ್ಜಿದ್ದ ‘ಪೊಲೀಸ್’ ಎಂಬ ಅಕ್ಷರಗಳನ್ನು ಇನ್ನೂ ಓದಬಹುದಾಗಿತ್ತು.

ಮುಂದಿನ ಊರಿನ ಟೀ ಅಂಗಡಿಯೆದುರು ಅದೇ ಜೀಪು ನಿಂತಿತ್ತು. ಮಾಲೀಕರು ಸಭ್ಯರೇ. ವಿಚಾರಿಸಿದಾಗ ‘ಸರ್ಕಾರದ ಹರಾಜಿನಲ್ಲಿ ತಗೊಂಡಿದ್ದು ಸಾರ್, ರಸೀದಿ ಇದೆ’ ಎಂದರು. ಸೈರನ್ನೂ ಹರಾಜಿನಲ್ಲೇ ಬಂತೇ ಎಂದು ಕೇಳಿದೆ. ‘ಅವರು ಕಿತ್ತಿರಲಿಲ್ಲ, ಹಂಗೇ ಬಂತು’ ಎಂದರು. ಆ ಉತ್ತರಕ್ಕೆ ನನ್ನಲ್ಲಿ ಮರುಮಾತಿರಲಿಲ್ಲ. ಸೇವೆಯಲ್ಲಿದ್ದಾಗ ಸರ್ಕಾರಿ ವಾಹನಗಳ ವಿಲೇವಾರಿ ಕಡತಗಳಿಗೆ ನಾನೂ ಸಹಿ ಹಾಕಿದವನು. ವಾಹನದ ಮಾದರಿ, ಓಡಿದ ದೂರ, ಕನಿಷ್ಠ ಬೆಲೆ ಇವನ್ನೆಲ್ಲ ನೋಡುತ್ತಿದ್ದೆ. ವಾಹನದ ಜೊತೆಯಲ್ಲಿ ಇನ್ನೇನು ಹೊರಗೆ ಹೋಗುತ್ತಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಪೊಲೀಸ್ ವಾಹನಕ್ಕೆ ಎರಡು ಮೌಲ್ಯಗಳಿವೆ. ಎಂಜಿನ್, ಚಾಸಿ, ಟೈರುಗಳದ್ದು ಒಂದು; ಇದನ್ನು ಹರಾಜು ಹಾಕಬಹುದು. ಅದನ್ನು ಕಂಡೊಡನೆ ಜನರು ದಾರಿ ಬಿಡುವ, ಕೈ ಅಡ್ಡ ಮಾಡಿದರೆ ನಿಲ್ಲುವ ವಿಶ್ವಾಸದ್ದು ಇನ್ನೊಂದು. ಅರ್ಥಶಾಸ್ತ್ರದ ಭಾಷೆಯಲ್ಲಿ ಅದು ಸಾರ್ವಜನಿಕ ಸ್ವತ್ತು. ಅದನ್ನು ಮಾರಲು ಇಲಾಖೆಗೆ ಹಕ್ಕಿಲ್ಲ, ಕೊಳ್ಳಲು ಪ್ರಜೆಗೆ ಹಕ್ಕಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯ ರಥಬೀದಿಯಲ್ಲಾಗಲೀ, 2025ರ ಫೆಬ್ರುವರಿಯಲ್ಲಿ ತಿ.ನರಸೀಪುರದ ತ್ರಿವೇಣಿ ಸಂಗಮದಲ್ಲಿ ನಡೆದ ಕುಂಭಮೇಳದಲ್ಲಾಗಲೀ ಅಷ್ಟೊಂದು ಜನಸಂದಣಿ ನಡುವೆ ಪೊಲೀಸ್ ವಾಹನವೊಂದು ಸಾಗಲು ಸಾಧ್ಯವಾಗುವುದು ಈ ವಿಶ್ವಾಸದಿಂದಲೇ. ಸೈರನ್ ಕೇಳಿದವರು ‘ಇದು ನಿಜವೋ ಸುಳ್ಳೋ’ ಎಂದು ಯೋಚಿಸತೊಡಗಿದ ದಿನ, ನಿಜವಾದ ತುರ್ತಿನಲ್ಲಿ ಹೊರಟ ವಾಹನಕ್ಕೂ ದಾರಿ ಸಿಗುವುದಿಲ್ಲ.

ಇದು ಅತಿಯಾದ ಆತಂಕವೆನಿಸಿದರೆ ಎರಡು ಘಟನೆಗಳನ್ನು ನೆನೆಯಬಹುದು. 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿ ಮಾಡಿದ ಭಯೋತ್ಪಾದಕರು ಆವರಣದೊಳಗೆ ಬಂದದ್ದು ಗೃಹ ಸಚಿವಾಲಯದ ನಕಲಿ ಚೀಟಿ ಅಂಟಿಸಿದ್ದ ಬಿಳಿ ಅಂಬಾಸಿಡರ್ ಕಾರಿನಲ್ಲಿ. 2025ರ ನವೆಂಬರ್ 19ರಂದು ಬೆಂಗಳೂರಿನಲ್ಲಿ ಎಟಿಎಂಗೆ ಹಣ ಸಾಗಿಸುತ್ತಿದ್ದ ವಾಹನವನ್ನು ಹಾಡುಹಗಲೇ ತಡೆದು ಏಳು ಕೋಟಿ ರೂಪಾಯಿಗೂ ಹೆಚ್ಚು ದೋಚಿದವರು ಕೇಂದ್ರದ ಅಧಿಕಾರಿಗಳೆಂದು ಹೇಳಿಕೊಂಡಿದ್ದರು; ಅವರ ಕಾರಿನ ಮೇಲೆ ‘ಭಾರತ ಸರ್ಕಾರ’ ಎಂಬ ಫಲಕವಿತ್ತು. ಆ ಎರಡೂ ವಾಹನಗಳು ಹರಾಜಿನಿಂದ ಬಂದವಲ್ಲ. ಆದರೆ ಒಂದು ಚೀಟಿಯೇ ಇಷ್ಟು ಕೆಲಸ ಮಾಡುವುದಾದರೆ, ಬಣ್ಣ, ಅಕ್ಷರ, ಸೈರನ್ ಎಲ್ಲವೂ ಉಳಿದಿರುವ ಜೀಪು ಎರಡು–ಮೂರು ಕೈ ಬದಲಾಗಿ ಯಾರ ಕೈ ಸೇರೀತು? ಬಾಳೆಗೊನೆ ಸಾಗಿಸಿದ ಮಾಲೀಕರು ನಿರಪರಾಧಿಗಳಿರಬಹುದು. ಅವರಿಂದ ಕೊಳ್ಳುವವರ ಬಗ್ಗೆ ಆ ಭರವಸೆ ಇಲ್ಲ. ಕೇರಳದಿಂದ ನಂಜನಗೂಡು, ಮೈಸೂರು, ತಿ.ನರಸೀಪುರಗಳ ಮೂಲಕ ಕೊಳ್ಳೇಗಾಲಕ್ಕೆ ಸಾಗುವ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಒಂಟಿಯಾಗಿ ಹೋಗುವ ಹೆಣ್ಣುಮಗಳೊಬ್ಬಳು, ಇಂಥ ವಾಹನ ಅಡ್ಡ ಬಂದರೆ ನಿಲ್ಲಬೇಕೋ ಬೇಡವೋ?

ಕಾನೂನು ಈ ಬಗ್ಗೆ ಮೌನವಾಗಿಲ್ಲ. ಹಲವು ಸ್ವರಗಳ ಹಾರ್ನ್ ಮತ್ತು ಸೈರನ್ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್‌ನಂಥ ವಾಹನಗಳಿಗೆ ಮಾತ್ರ ಮೀಸಲು. ‘ಗೂಟದ ಕಾರು’ಗಳ ಮೋಹಕ್ಕೆ 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿತು, 2017ರ ಮೇ 1ರಿಂದ ಸಚಿವರ ಕಾರುಗಳ ಮೇಲಿನ ಕೆಂಪು ದೀಪವೂ ಹೋಯಿತು. ಸಾರ್ವಜನಿಕ ಸೇವಕನೆಂದು ಸೋಗು ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 204ನೇ ಸೆಕ್ಷನ್ ಪ್ರಕಾರ ಕನಿಷ್ಠ ಆರು ತಿಂಗಳ ಸೆರೆವಾಸದ ಅಪರಾಧ. ಸಚಿವರೇ ಬಿಟ್ಟುಕೊಟ್ಟ ದೀಪವನ್ನು ಹರಾಜಿನಲ್ಲಿ ಜೀಪು ಕೊಂಡವರು ಉಳಿಸಿಕೊಳ್ಳುವುದಕ್ಕೆ ಸಮರ್ಥನೆಯೇ ಇಲ್ಲ.

ಕೊಳ್ಳುವವರು ಲೆಕ್ಕವನ್ನೂ ಸರಿಯಾಗಿ ಹಾಕಬೇಕು. ಹರಾಜಿನ ಬೆಲೆಯೇ ಪೂರ್ಣ ಬೆಲೆಯಲ್ಲ. ಸರ್ಕಾರದ ಹರಾಜಿನಲ್ಲಿ ಕೊಂಡ ವಾಹನವನ್ನು, ವಶಕ್ಕೆ ಪಡೆದ 30 ದಿನಗಳೊಳಗೆ, ನಮೂನೆ 32ರಲ್ಲಿ ಅರ್ಜಿ ಸಲ್ಲಿಸಿ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಮಾರಾಟವನ್ನು ದೃಢಪಡಿಸುವ ಪತ್ರವನ್ನೂ ಜೊತೆಗಿಡಬೇಕು. ಹಣ ಕಟ್ಟಿದ ರಸೀದಿಯೊಂದೇ ಸಾಲದು. ವರ್ಗಾವಣೆ ಆಗದಿದ್ದರೆ, ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಸರ್ಕಾರಿ ಕೆಲಸದ ವಾಹನಗಳಿಗೆ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಕಡ್ಡಾಯ ವಿಮೆಯಿಂದ ವಿನಾಯಿತಿ ಕೊಡುತ್ತದೆ. ಈ ವಿನಾಯಿತಿ ಮಾರಾಟದೊಂದಿಗೆ ಮುಗಿಯುತ್ತದೆ. ಆದ್ದರಿಂದ ಇಲಾಖೆಯ ಆವರಣದಿಂದ ರಸ್ತೆಗೆ ಇಳಿಯುವ ಮುನ್ನವೇ ವಿಮೆ ಇರಬೇಕು.

ವಯಸ್ಸಿನ ಪ್ರಶ್ನೆಯೂ ಇದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣಗೊಳ್ಳುವುದಿಲ್ಲ. ಕಾನೂನು ಸುವ್ಯವಸ್ಥೆಗೆ ಬಳಸುವ ವಿಶೇಷ ವಾಹನಗಳ ಹೊರತು ಉಳಿದವು ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗಬೇಕು. ಅಷ್ಟು ಹಳೆಯ ಜೀಪನ್ನು ‘ಕಾಗದ ಮಾಡಿಸಿಕೊಡುತ್ತೇವೆ’ ಎಂದು ಮಾರಲು ಬರುವ ಮಧ್ಯವರ್ತಿಯನ್ನು ನಂಬಬಾರದು.

ಯಂತ್ರದ ಸ್ಥಿತಿಯ ಬಗ್ಗೆಯೂ ಎಚ್ಚರ ಬೇಕು. ಪೊಲೀಸ್ ವಾಹನ ಓಡಿದ ದೂರವನ್ನು ಮೀಟರು ಹೇಳುತ್ತದೆ. ಬಂದೋಬಸ್ತಿನಲ್ಲಿ ನಿಂತಲ್ಲೇ ಎಂಜಿನ್ ಚಾಲೂ ಇದ್ದ ಗಂಟೆಗಳನ್ನು ಹೇಳುವುದಿಲ್ಲ. ವೈರ್‌ಲೆಸ್, ದೀಪ, ಸೈರನ್‌ಗಳಿಗೆಂದು ಎಳೆದ ತಂತಿಗಳನ್ನು ಅರ್ಧಕ್ಕೆ ಕತ್ತರಿಸಿ ಬಿಟ್ಟಿದ್ದರೆ ಬೆಂಕಿಯ ಅಪಾಯವಿದೆ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆ ಕೆಡುತ್ತದೆ ಎಂಬುದನ್ನು ಹಳೆಯ ಕಾರುಗಳ ಉದಾಹರಣೆಯಿಂದಲೇ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ವಿವರಿಸಿದರು. ಇಲ್ಲಿ ಮಾರುವುದು ಸರ್ಕಾರ. ಸರ್ಕಾರಿ ವಾಹನಕ್ಕೆ ಲಾಗ್ ಪುಸ್ತಕವಿರುತ್ತದೆ. ಅದರ ಸಾರಾಂಶವನ್ನು ಹರಾಜು ಪ್ರಕಟಣೆಯೊಂದಿಗೆ ಕೊಡಲು ಏನು ಅಡ್ಡಿ?

ಹೊಣೆಯನ್ನೆಲ್ಲ ಕೊಳ್ಳುವವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಸೇನೆಯ ಹಸಿರು ಬಣ್ಣವನ್ನು ಇತರ ವಾಹನಗಳಿಗೆ ಬಳಿಯಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಪೊಲೀಸ್ ಗುರುತುಗಳ ವಿಷಯದಲ್ಲೂ ಅಷ್ಟೇ ನಿಷ್ಠುರತೆ ಇರಲಿ. ದೀಪ, ಸೈರನ್, ವೈರ್‌ಲೆಸ್ ಕಂಬ, ಅಕ್ಷರ, ಲಾಂಛನ, ಪಟ್ಟಿಗಳನ್ನೆಲ್ಲ ಹರಾಜಿಗೆ ಮುನ್ನವೇ ತೆಗೆದು, ನಾಲ್ಕೂ ಕಡೆಯ ಛಾಯಾಚಿತ್ರದೊಂದಿಗೆ ಒಬ್ಬ ಅಧಿಕಾರಿ ಸಹಿ ಮಾಡಿದ ಪ್ರಮಾಣಪತ್ರ ಕಡತದಲ್ಲಿರಲಿ. ಅದಿಲ್ಲದೆ ವಾಹನ ಆವರಣದ ಗೇಟು ದಾಟಬಾರದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಒಂದು ಸುತ್ತೋಲೆ, ಒಂದು ದಿನದ ಗ್ಯಾರೇಜ್ ಕೆಲಸ ಸಾಕು. ನನ್ನ ಕಾಲದಲ್ಲಿ ನಾನೇ ಇದನ್ನು ಮಾಡಬಹುದಿತ್ತು. ಮಾಡಲಿಲ್ಲ.

ಇಲಾಖೆ ಮರೆತರೂ ಕೊಂಡವರು ಮರೆಯಬಾರದು. ಗಟ್ಟಿಮುಟ್ಟಾದ ಜೀಪು ಹಳ್ಳಿಯ ರೈತನಿಗೆ ಉಪಕಾರಿ. ಅದನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆ ಸಂಜೆ ಸೈರನ್ ವಿಷಯ ಮಾತನಾಡಿದ ಮೇಲೆ ಮಾಲೀಕರು ಅದೇ ಜೀಪಿನಲ್ಲಿ ನಮ್ಮೊಡನೆ ಹಿಂತಿರುಗಿ ಬಂದರು. ನಾವೆಲ್ಲ ಸೇರಿ ಕೆಸರಿನಿಂದ ಗಾಡಿಯ ಚಕ್ರವನ್ನು ಎತ್ತಿದೆವು. ಗಾಡಿಯವನು ಅವರಿಗೆ ಕೈಮುಗಿದು ‘ಪೊಲೀಸ್ನೋರು ಅಂದ್ಕೊಂಡು ಸರಿದೆ ಸ್ವಾಮಿ’ ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ತಾನು ಮಾಡಬೇಕಾದ್ದನ್ನೇ ಮಾಡಿದೆ ಎಂದು ಅವನು ತಿಳಿದಿದ್ದ. ತಪ್ಪಿದವರು ಉಳಿದ ನಾವು.