ಬೋನಿನೊಳಗಿನ ರೋಗಿ
ಬೆಕ್ಕಿಗೆ ಗಂಟೆಯನ್ನಾದರೂ ಕಟ್ಟಬಹುದು, ಬೀದಿಬೆಕ್ಕಿಗೆ ಸೂಜಿ ಚುಚ್ಚುವುದಿದೆಯಲ್ಲ, ಅದು ಕಷ್ಟ ಎನ್ನಿಸಿತು, ಸಂತಾನಶಕ್ತಿಹರಣ ಶಿಬಿರವೊಂದರಲ್ಲಿ ಅರ್ಧ ದಿನ ಕೂತ ಮೇಲೆ. ಮನೆಬೆಕ್ಕಾದರೆ ಮೇಜಿನ ಮೇಲಿಟ್ಟು ಎದೆಬಡಿತ ಕೇಳಬಹುದು. ಮನುಷ್ಯರ ಕೈ ಸೋಕದ ಬೆಕ್ಕು ಬೋನಿನ ಮೂಲೆಗೆ ಒತ್ತಿಕೊಂಡು ಬುಸುಗುಟ್ಟುತ್ತಿರುತ್ತದೆ. ಮೇಲೆ ಹಳೇ ಟವೆಲ್ ಹೊದಿಸಿದರೆ ಸ್ವಲ್ಪ ತಣ್ಣಗಾಗುತ್ತದೆ, ಅಷ್ಟೆ. ಹಾಗಾಗಿ ಬೋನು ಸಮೇತ ತೂಗಿ, ಬೋನಿನ ತೂಕ ಕಳೆದು, ಸರಳುಗಳ ಸಂದಿಯಿಂದಲೇ ಮಾಂಸಖಂಡಕ್ಕೆ ಒಂದೇ ಸಲ ಚುಚ್ಚುತ್ತಾರೆ. ಆ ಒಂದು ಸಿರಿಂಜಿನಲ್ಲೇ ಎಲ್ಲ ಇರಬೇಕು: ಕೆಟಮಿನ್, ಸ್ನಾಯು ಸಡಿಲಿಸುವ ಇನ್ನೊಂದು ಮದ್ದು, ಜೊತೆಗೆ ಬ್ಯುಟಾರ್ಫನಾಲ್‌ನಂಥ ನೋವುನಿವಾರಕ. ಕೆಟಮಿನ್ ಬಿದ್ದ ಬೆಕ್ಕು ಕಣ್ಣು ಮುಚ್ಚುವುದಿಲ್ಲ. ಅರಿವಿಲ್ಲದ ಆ ತೆರೆದ ಕಣ್ಣು ಒಣಗದಿರಲೆಂದು ಮುಲಾಮು ಹಚ್ಚುವುದನ್ನು ನೋಡುತ್ತಾ ನಾನೇ ನಾಲ್ಕು ಸಲ ರೆಪ್ಪೆ ಬಡಿದೆ. ಗಂಡಿನದು ಕೆಲವೇ ನಿಮಿಷದ ಕೆಲಸ. ಹೆಣ್ಣಿಗೆ ಹೊಟ್ಟೆ ಕೊಯ್ಯಬೇಕು, ನೋವೂ ಹೆಚ್ಚು. ಎಚ್ಚರವಾದ ಮೇಲಿನ ನೋವಿಗೂ ಮೆಲಾಕ್ಸಿಕ್ಯಾಮ್ ಸೂಜಿಯನ್ನು ಅಲ್ಲೇ ಕೊಟ್ಟುಬಿಡಬೇಕು, ಬಿಟ್ಟ ಮೇಲೆ ಮಾತ್ರೆ ನುಂಗಿಸಲು ಈ ರೋಗಿ ಕೈಗೆ ಸಿಗುವುದಿಲ್ಲ. (ಕರುಣೆ ಉಕ್ಕಿ ಯಾರೂ ನಮ್ಮ ಪ್ಯಾರಾಸಿಟಮಾಲ್ ಹಾಕಬೇಡಿ; ಬೆಕ್ಕಿನ ಪಿತ್ತಜನಕಾಂಗ ಅದನ್ನು ಅರಗಿಸಲಾರದು, ಅರ್ಧ ಮಾತ್ರೆಯೂ ವಿಷ.) ಮಂಪರಿನಲ್ಲೇ ಕಿವಿಯ ತುದಿ ಕತ್ತರಿಸುತ್ತಾರೆ, ಮತ್ತೊಮ್ಮೆ ಹಿಡಿಯದಿರಲೆಂದು ಗುರುತು. ಮೈ ತಣ್ಣಗಾಗದಂತೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟಿದ್ದರು. ಸಂಜೆ ಬೂದುಬಣ್ಣದ ಹೆಣ್ಣೊಂದು ತಲೆಯೆತ್ತಿ, ಎರಡು ಸಲ ತೂರಾಡಿ, ನನ್ನನ್ನು ನೋಡಿ ಬುಸುಗುಟ್ಟಿತು. "ಹಾಂ, ಸರಿಹೋಯ್ತು" ಎಂದರು ಡಾಕ್ಟರಮ್ಮ.