ಅಡುಗೆ ಪುಸ್ತಕ ಓದುವವರೂ ಓದುಗರೇ

ನಮ್ಮ ನಡುವೆ ಕೆಲವರಿಗೆ ಒಂದು ಚಾಳಿ ಉಂಟು. ಯಾರಾದರೂ "ನಂಗೆ ಓದೋದಂದ್ರೆ ಇಷ್ಟ" ಅಂದ ಕೂಡಲೇ "ಹೌದಾ, ಯಾರನ್ನೆಲ್ಲ ಓದಿದ್ದೀರಿ?" ಅಂತ ಕೇಳುವುದು. ಕಾರಂತ, ಭೈರಪ್ಪ, ತೇಜಸ್ವಿ ಅಂದರೆ ಪಾಸು. ಮಾರ್ಕೆಸ್ ಅಂದರೆ ಡಿಸ್ಟಿಂಕ್ಷನ್. ಮಕ್ಕಳ ಕಥೆ ಅಂದರೆ ಒಂದು ಸಣ್ಣ ನಗು. ಅಡುಗೆ ಪುಸ್ತಕ ಅಂದರೆ, ಅದೂ ಒಂದು ಓದಾ ಎಂಬ ನೋಟ. ವ್ಯಕ್ತಿತ್ವ ವಿಕಸನದ ಪುಸ್ತಕ ಅಂದಿರೋ, ಅಲ್ಲಿಗೆ ಮುಗಿಯಿತು, ಮಾತು ಹವಾಮಾನದ ಕಡೆಗೆ ತಿರುಗುತ್ತದೆ.

ನಾನು ಈ ಮೂರನ್ನೂ ಓದುತ್ತೇನೆ. ಕದ್ದು ಅಲ್ಲ, ಆಫೀಸಿನ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು. ಕಾದಂಬರಿಯನ್ನೂ ಓದುತ್ತೇನೆ, ಅದರ ಮೇಲೆ ನನಗೇನೂ ಜಗಳ ಇಲ್ಲ. ಜಗಳ ಇರುವುದು ಪುಸ್ತಕಗಳಿಗೆ ಜಾತಿ ಕಟ್ಟಿ, ಒಂದನ್ನು ಜಗಲಿಯಲ್ಲಿ ಕೂರಿಸಿ ಇನ್ನೊಂದನ್ನು ಅಂಗಳದಲ್ಲೇ ನಿಲ್ಲಿಸುವವರ ಮೇಲೆ.

ಅವರು ಇದನ್ನು ಪರಂಪರೆ ಅಂದುಕೊಂಡಿದ್ದಾರೆ. ಹಾಗಾದರೆ ಪರಂಪರೆಯನ್ನೇ ನೋಡುವ. ಸಾವಿರ ವರ್ಷದ ಹಿಂದೆ ಕಲ್ಯಾಣ ಚಾಲುಕ್ಯರ ಜಯಸಿಂಹನ ಆಸ್ಥಾನದಲ್ಲಿ ಇಬ್ಬರು ಕನ್ನಡ ಕವಿಗಳಿದ್ದರು. ಒಬ್ಬ ಎರಡನೇ ಚಾವುಂಡರಾಯ, ಸುಮಾರು 1025ರಲ್ಲಿ 'ಲೋಕೋಪಕಾರ' ಬರೆದವನು. ಹೆಸರೇ ಹೇಳುವ ಹಾಗೆ ಜನರಿಗೆ ಉಪಕಾರ ಆಗುವ ಪುಸ್ತಕ: ಬಾವಿಗೆ ನೀರು ಹುಡುಕುವುದು, ಮನೆ ಕಟ್ಟುವುದು, ಗಿಡ ಸಾಕುವುದು, ಔಷಧ, ಸುಗಂಧ, ಅಡುಗೆ ಎಲ್ಲ ಅದರಲ್ಲುಂಟು. ಇನ್ನೊಬ್ಬ ದುರ್ಗಸಿಂಹ, ಸಂಧಿವಿಗ್ರಹಿಯಾಗಿದ್ದವನು, ಅಂದರೆ ಯುದ್ಧ ಮತ್ತು ಸಂಧಾನದ ವ್ಯವಹಾರ ನೋಡುವ ಮಂತ್ರಿ. ಅಷ್ಟು ದೊಡ್ಡ ಹುದ್ದೆಯ ಮನುಷ್ಯ ಕೂತು ಬರೆದದ್ದು 'ಪಂಚತಂತ್ರ', ಸಿಂಹ, ನರಿ, ಮಂಗ, ಮೊಸಳೆಗಳ ಕಥೆ. ಆ ಕಥೆಗಳು ಹುಟ್ಟಿದ್ದೇ ಓದು ತಲೆಗೆ ಹತ್ತದ ರಾಜಕುಮಾರರಿಗೆ ಬದುಕುವ ಉಪಾಯ ಕಲಿಸಲಿಕ್ಕೆ. ಮಕ್ಕಳ ಕಥೆಯೂ ಅದೇ, ವ್ಯಕ್ತಿತ್ವ ವಿಕಸನವೂ ಅದೇ. ಮುಂದೆ 16ನೇ ಶತಮಾನದಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ' ಬರೆದ. ಇಡೀ ಅಡುಗೆ ಪುಸ್ತಕ, ವಾರ್ಧಕ ಷಟ್ಪದಿಯಲ್ಲಿ! ಕಾವ್ಯಕ್ಕೆ ಬಳಸುವ ಛಂದಸ್ಸನ್ನು ಪಲ್ಯಕ್ಕೆ ಬಳಸಬಾರದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಅಷ್ಟು ಹಿಂದೆ ಯಾಕೆ, ನಮ್ಮ ಮಂಗಳೂರಿಗೇ ಬನ್ನಿ. ಪಂಜೆ ಮಂಗೇಶರಾಯರು ಇಲ್ಲಿ ಮೇಷ್ಟ್ರಾಗಿದ್ದವರು. ಮಕ್ಕಳಿಗಾಗಿ ಹಾಡು ಕಟ್ಟಿದರು, ಕಥೆ ಬರೆದರು, 1920ರ ದಶಕದಲ್ಲಿ ಗೆಳೆಯರನ್ನು ಸೇರಿಸಿಕೊಂಡು ಬಾಲಸಾಹಿತ್ಯ ಮಂಡಲ ನಡೆಸಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. 'ಚೋಮನ ದುಡಿ'ಯ ಕಾರಂತರು ಅದೇ ದಶಕದಲ್ಲಿ ಪುತ್ತೂರಿನಲ್ಲಿ ಕೂತು ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದರು. ಡಾಕ್ಟರ್ ಆಗಿದ್ದ ಅನುಪಮಾ ನಿರಂಜನ ಕಾದಂಬರಿ ಬರೆದ ಕೈಯಲ್ಲೇ 'ತಾಯಿ-ಮಗು' ಎಂಬ ಆರೋಗ್ಯದ ಪುಸ್ತಕ ಬರೆದರು, ಮಕ್ಕಳಿಗೆ 'ದಿನಕ್ಕೊಂದು ಕಥೆ' ಬರೆದರು. ಬರೆದವರಿಗೇ ಇಲ್ಲದ ಮಡಿ ಓದುವ ನಮಗೆ ಎಲ್ಲಿಂದ ಬಂತು ಮಾರಾಯ್ರೇ?

ನನ್ನ ಮಟ್ಟಿಗೆ ಈ ಮೂರು ಬಗೆಯ ಪುಸ್ತಕಗಳಿಗೆ ಇರುವ ಗುಣ ಬೇರೆಯವಕ್ಕೆ ಕಡಿಮೆ. ಇವು ಓದಿದ ಕೂಡಲೇ ಪರೀಕ್ಷೆಗೆ ಕೂರುತ್ತವೆ. ಕಥೆ ಬೋರಾದರೆ ಮಗು ನಿಮ್ಮ ತೊಡೆಯಿಂದ ಇಳಿದು ಹೋಗುತ್ತದೆ, ವಿಮರ್ಶಕ ಏನು ಹೇಳಿದ ಅಂತ ಅದು ಕೇಳುವುದಿಲ್ಲ. ಪುಸ್ತಕದಲ್ಲಿ ಅಳತೆ ತಪ್ಪಿದ್ದರೆ ನೀರ್ದೋಸೆ ಕಾವಲಿಯಿಂದ ಏಳುವುದಿಲ್ಲ. ಬೆಳಿಗ್ಗೆ ಬೇಗ ಏಳುವ ಉಪಾಯ ಹೇಳಿದ ಪುಸ್ತಕ ನಿಜವೋ ಬುರುಡೆಯೋ ಅಂತ ಒಂದು ತಿಂಗಳಲ್ಲಿ ಗೊತ್ತಾಗುತ್ತದೆ. ನಾವು ಸಾಫ್ಟ್‌ವೇರಿನವರಿಗೆ ಇದು ಬೇಗ ಅರ್ಥ ಆಗಬೇಕು: ರನ್ ಮಾಡಿದಾಗಲೇ ಕೋಡಿನ ಬಂಡವಾಳ ಹೊರಗೆ ಬೀಳುವುದು. "ಪಾಕ ಒಂದೆಳೆ ಬರುವವರೆಗೆ ಕುದಿಸಿ, ಬಂದ ಕೂಡಲೇ ಇಳಿಸಿ" ಎಂಬ ಸಾಲಿನಷ್ಟು ಸ್ಪಷ್ಟವಾಗಿ ಬರೆದ ಡಾಕ್ಯುಮೆಂಟ್ ನನ್ನ ಕೆಲಸದಲ್ಲಿ ನಾನು ನೋಡಿದ್ದು ಕಡಿಮೆ. ಯಾವಾಗ ನಿಲ್ಲಿಸಬೇಕು ಅಂತ ಕೂಡ ಅದರಲ್ಲುಂಟು.

ಇನ್ನು ಭಾಷೆಯ ವಿಷಯ. ಕನ್ನಡ ಉಳಿಸುವ ಭಾಷಣ ಬೇಕಾದಷ್ಟು ಕೇಳಿದ್ದೇವೆ. ಬಾಡಿಸುವುದು, ಬಸಿಯುವುದು, ಮಗುಚುವುದು, ಕದಡುವುದು, ಬೇಯಿಸುವುದು, ಹುರಿಯುವುದು, ಕರಿಯುವುದು. ಇಷ್ಟು ಕ್ರಿಯಾಪದ ಒಂದೇ ಪುಟದಲ್ಲಿ ಅಡುಗೆ ಪುಸ್ತಕ ಬಿಟ್ಟು ಬೇರೆಲ್ಲಿ ಸಿಗುತ್ತದೆ ಹೇಳಿ. ತಂಬುಳಿ, ಗೊಜ್ಜು, ಸಾಸಿವೆ, ಮೇಲಾರ, ಗಸಿ ಇವೆಲ್ಲವನ್ನೂ 'ಕರಿ' ಎಂಬ ಒಂದೇ ಶಬ್ದಕ್ಕೆ ತುಂಬಿಸುತ್ತಾ ಇದೆ ನಮ್ಮ ಮೊಬೈಲಿನ ಮೆನು. ಫ್ಲಾಟಿನಲ್ಲಿ ಬೆಳೆಯುವ ಮಗುವಿಗೆ ಕನ್ನಡ ಹತ್ತಬೇಕಾದರೆ ಮೊದಲು ಇಲಿ, ಬೆಕ್ಕು, ಅಜ್ಜಿ, ದೋಸೆ ಇರುವ ಪುಸ್ತಕ ಬೇಕು. ಅದನ್ನು ಓದಿ ಹೇಳುವ ಅಪ್ಪ ಬೇಕು. ಅಪ್ಪನಿಗೆ "ಇದೆಲ್ಲ ಮಕ್ಕಳಿಗೆ, ನನಗಲ್ಲ" ಅಂತ ಅನಿಸಿದರೆ ಮಗುವಿಗೂ "ಇದು ಕನ್ನಡದವರಿಗೆ, ನನಗಲ್ಲ" ಅಂತ ಅನಿಸಲಿಕ್ಕೆ ತುಂಬ ದಿನ ಬೇಡ.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ನಾನು ಬೆಳೆದದ್ದು ಸುಳ್ಯದ ಕಡೆಯ ಹಳ್ಳಿಯಲ್ಲಿ. ಮನೆಯಲ್ಲಿ ಅಚ್ಚಾದದ್ದು ಅಂತ ಇದ್ದದ್ದು ಪಂಚಾಂಗ, ಸೊಸೈಟಿಯ ಪಾಸ್‌ಬುಕ್, ನಮ್ಮ ಪಠ್ಯಪುಸ್ತಕ, ಮತ್ತೆ ಪಕ್ಕದ ಮನೆಯವರು ಓದಿ ಕೊಟ್ಟ ಹಳೇ 'ತರಂಗ', 'ಸುಧಾ'. ಅಮ್ಮ ಅದರಿಂದ ಅಡುಗೆಯ ಪುಟ ಕತ್ತರಿಸಿ ಹಳೇ ಡೈರಿಗೆ ಅನ್ನದ ಅಂಟು ಹಾಕಿ ಅಂಟಿಸುತ್ತಿದ್ದರು. ಬದಿಯಲ್ಲಿ ಪೆನ್ಸಿಲಿನಲ್ಲಿ "ಬೆಲ್ಲ ಜಾಸ್ತಿ ಆಯ್ತು", "ಇದಕ್ಕೆ ಕುಚ್ಚಲಕ್ಕಿ ಆಗುದಿಲ್ಲ" ಅಂತ ಬರೆದಿಡುತ್ತಿದ್ದರು. ಪುಸ್ತಕದೊಂದಿಗೆ ವಾದ ಮಾಡುವ ಓದುಗರು ಅಂದರೆ ಇವರಲ್ಲವಾ? ಆದರೆ ಇವತ್ತಿಗೂ ಕೇಳಿದರೆ "ನಾನೆಂತ ಓದಿದ್ದೇನೆ, ನಂಗೆ ಓದುವ ಅಭ್ಯಾಸ ಇಲ್ಲ" ಅನ್ನುತ್ತಾರೆ. ಈ ಮಾತು ಅವರ ಬಾಯಲ್ಲಿ ತಾನಾಗಿ ಹುಟ್ಟಿದ್ದಲ್ಲ.

ಹಿಂದೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಇದ್ದ. ಉತ್ತರ ಕರ್ನಾಟಕದ ಹಳ್ಳಿಯವ, ಹತ್ತರವರೆಗೆ ಕನ್ನಡ ಮೀಡಿಯಂ, ಅವನ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ಅವನೇ ಮೊದಲು. ಬ್ಯಾಗಿನಲ್ಲಿ ಯಂಡಮೂರಿಯವರ ಪುಸ್ತಕದ ಕನ್ನಡ ಅನುವಾದ ಇಟ್ಟುಕೊಂಡಿರುತ್ತಿದ್ದ. ಊಟದ ಹೊತ್ತಿಗೆ ಯಾರೋ ಅದನ್ನು ತೆಗೆದು ಒಂದು ಪುಟವನ್ನು ಭಾಷಣದ ಧಾಟಿಯಲ್ಲಿ ಓದಿದರು. ಎಲ್ಲರೂ ನಕ್ಕರು, ಅವನೂ ನಕ್ಕ. ಮಾರನೇ ದಿನದಿಂದ ಪುಸ್ತಕ ಬರಲಿಲ್ಲ, ಅದರ ಜಾಗಕ್ಕೆ ಬೇರೆ ಯಾವ ಪುಸ್ತಕವೂ ಬರಲಿಲ್ಲ. ನಕ್ಕವರು ಅವನನ್ನು ಒಳ್ಳೆಯ ಸಾಹಿತ್ಯಕ್ಕೆ ಕರೆದುಕೊಂಡು ಹೋಗಲಿಲ್ಲ, ಮೊಬೈಲಿಗೆ ಒಪ್ಪಿಸಿ ಬಂದರು ಅಷ್ಟೇ.

ಮೀಟಿಂಗಿನಲ್ಲಿ ಬಾಯಿ ತೆರೆಯುವುದು ಹೇಗೆ, ಸಂಬಳ ಕೇಳುವುದು ಹೇಗೆ, 'ಆಗುವುದಿಲ್ಲ' ಅಂತ ಮರ್ಯಾದೆಯಲ್ಲಿ ಹೇಳುವುದು ಹೇಗೆ? ಪೇಟೆಯ ಮಕ್ಕಳಿಗೆ ಇದು ಮನೆಯ ಊಟದ ಮೇಜಿನ ಮೇಲೆ ಪುಕ್ಕಟೆ ಸಿಗುತ್ತದೆ. ಅಪ್ಪ ಮ್ಯಾನೇಜರು, ಚಿಕ್ಕಮ್ಮ ಲಾಯರು. ಅಪ್ಪನ ಜೊತೆ ಅಡಿಕೆ ಸುಲಿದು ಬೆಳೆದವನು ಅದೇ ಪಾಠವನ್ನು ಇನ್ನೂರು ರೂಪಾಯಿ ಕೊಟ್ಟು ಪುಸ್ತಕದಂಗಡಿಯಲ್ಲಿ ಕೊಳ್ಳುತ್ತಾನೆ. ಪುಕ್ಕಟೆ ಸಿಕ್ಕಿದವರು ದುಡ್ಡು ಕೊಟ್ಟವನನ್ನು ನೋಡಿ ನಗುವುದಕ್ಕೆ ಅಭಿರುಚಿ ಅಂತ ಹೆಸರು ಬೇರೆ.

ಹಾಗಂತ ಈ ಪುಸ್ತಕಗಳೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಹತ್ತು ಪುಟದ ಮಾತನ್ನು ಮುನ್ನೂರು ಪುಟಕ್ಕೆ ಎಳೆದವು ಬೇಕಾದಷ್ಟು ಉಂಟು. ಸಂಬಳ ಕಡಿಮೆ ಇರುವುದಕ್ಕೆ ನಿನ್ನ ಮನಸ್ಥಿತಿಯೇ ಕಾರಣ ಎಂದು ಹೇಳಿ ಕಂಪನಿಯನ್ನು ಪಾರು ಮಾಡುವವೂ ಉಂಟು. ನಮ್ಮಲ್ಲಿ ಕೆಲವರು ಓದುವುದೇ ಅದನ್ನು, ವರ್ಷಕ್ಕೆ ಐವತ್ತು ಅಂತ ಲೆಕ್ಕ ಇಟ್ಟು, ಒಂದೂವರೆ ಪಟ್ಟು ವೇಗದಲ್ಲಿ ಕಿವಿಗೆ ಸುರಿದುಕೊಂಡು. ಅವರಿಗೂ ನನ್ನದು ಅದೇ ತಕರಾರು, ಒಂದೇ ಕಪಾಟು. ಬರೀ ವ್ಯಕ್ತಿತ್ವ ವಿಕಸನ ಓದಿದವನಿಗೆ ಎಲ್ಲರೂ ಗೆಲ್ಲಬಹುದು ಅನಿಸುತ್ತದೆ. ಪಕ್ಕದಲ್ಲಿ ಪಂಚತಂತ್ರ ಇದ್ದರೆ ನರಿಯೂ ಗೆಲ್ಲುತ್ತದೆ ಅಂತ ಗೊತ್ತಾಗುತ್ತದೆ. ಅಡುಗೆ ಪುಸ್ತಕ ಇದ್ದರೆ, ಉದ್ದು ನೆನೆಯುವ ಹೊತ್ತಿಗೇ ನೆನೆಯುವುದು, ನಿಮ್ಮ ಸಂಕಲ್ಪಕ್ಕೆ ಅಲ್ಲ ಅಂತ ಗೊತ್ತಾಗುತ್ತದೆ. ಕೆಟ್ಟ ಪುಸ್ತಕಕ್ಕೆ ಮದ್ದು ಇನ್ನೊಂದು ಕಪಾಟಿನ ಪುಸ್ತಕ, ಗೇಲಿ ಅಲ್ಲ. ಕೆಟ್ಟ ಕಾದಂಬರಿ ಓದಿದವರನ್ನು ಯಾರೂ ಗೇಲಿ ಮಾಡುವುದಿಲ್ಲವಲ್ಲ. ಅವರಿಗೆ 'ಓದುಗರು' ಎಂಬ ಹೆಸರು ಹಾಗೇ ಉಳಿಯುತ್ತದೆ.

ಆದ್ದರಿಂದ ಒಂದು ಕೆಲಸ ಮಾಡಿ. ಮುಂದಿನ ಸಲ ಯಾರಾದರೂ ಓದುತ್ತೇನೆ ಅಂದರೆ "ಯಾರನ್ನು?" ಅಂತ ಪರೀಕ್ಷೆ ಮಾಡುವ ಬದಲು "ಈಗ ಎಂತ ಓದ್ತಾ ಇದ್ದೀರಿ? ಆದ ಮೇಲೆ ನಂಗೂ ಕೊಡಿ" ಅಂತ ಕೇಳಿ. ಅವರು ಉಪ್ಪಿನಕಾಯಿಯ ಪುಸ್ತಕ ಕೊಟ್ಟರೆ ಅದನ್ನು ಓದಿ, ಸಾಧ್ಯವಾದರೆ ಮಾಡಿ ನೋಡಿ. ಬದಲಿಗೆ ನಿಮ್ಮ ಇಷ್ಟದ ಕಾದಂಬರಿ ಅವರಿಗೆ ಕೊಡಿ. ಅವರು ಅದನ್ನು ಓದಿ "ಇದು ಸ್ವಲ್ಪ ಎಳೆದಿದ್ದಾರೆ ಅಲ್ವಾ?" ಅಂದರೆ ಬೇಜಾರು ಮಾಡಬೇಡಿ. ಹದ ನೋಡಿ ಅಭ್ಯಾಸ ಇರುವವರು ಅವರು.